ಗಾಜಿಪುರದ ಮನೆಯಲ್ಲೊಂದು ಅಂತರ್ಜಾಲ ಅಂಗಡಿ

ಭಾನುವಾರದ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಲ್ಲಿ ಪರಸ್ಪರ ಕುಶಲ ವಿಚಾರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಕಲಬುರಗಿಯ ಗಾಜಿಪುರದಲ್ಲಿ ವಾಸವಾಗಿರುವ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದರು. ಅವರು ಸೇವೆಯಿಂದ ನಿವೃತ್ತರಾಗಿ ಹೆಚ್ಚು ದಿನಗಳಾಗಿರಲಿಲ್ಲ. “ಹುಡುಗ ಮನ್ಯಾಗ ಕುಂತು ಕಂಪ್ಯೂಟರ್ ಸಾಮಾನ ಆನ್‌ಲೈನ್ ಮಾರ್ತೀನಿ ಅಂತಾನ್ರಿ. ನನ್ನ ಪಿ.ಎಫ್. ರೊಕ್ಕ ಕೊಡ್ಲೋ ಬ್ಯಾಡೋ, ನೀವೇ ಹೇಳ್ರಿ” ಎಂದರು. ಆ ಕ್ಷಣಕ್ಕೆ ನಾವು ಉತ್ತರ ಹೇಳಲಿಲ್ಲ. ಮುಂದಿನ ವಾರ ಕುಳಿತು ಮಾತನಾಡೋಣವೆಂದು ಹೇಳಿ ಬಂದೆವು. ಇಂಥದೇ ಪ್ರಶ್ನೆ ಇನ್ನೂ ಹಲವು ಮನೆಗಳ ಊಟದ ಹೊತ್ತಿನಲ್ಲಿ ಏಳುತ್ತಿರಬಹುದೆಂಬ ಕಾರಣಕ್ಕೆ, ಅವರಿಗೆ ಹೇಳಿದ್ದನ್ನು ಇಲ್ಲಿ ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಹುಡುಗನ ಆಸೆ ಹುಚ್ಚು ಆಸೆಯೇನಲ್ಲ. ಪದವಿ ಮುಗಿಸಿದ ನಮ್ಮ ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋಗದೆ ತಂದೆತಾಯಿಯರ ಬಳಿಯೇ ಇದ್ದು ದುಡಿಯಬಯಸಿದರೆ ಅದನ್ನು ಸ್ವಾಗತಿಸಬೇಕು. ಮುಖ್ಯರಸ್ತೆಯ ಮಳಿಗೆಗೆ ತೆರಬೇಕಾದ ಮುಂಗಡವೂ ಬಾಡಿಗೆಯೂ ಇಲ್ಲಿಲ್ಲ. ಒಂದು ಕೋಣೆ, ಒಂದು ಮೇಜು, ಒಂದು ದೂರವಾಣಿ ಸಾಕು. ಇದಕ್ಕೆ ದೊಡ್ಡ ದೊಡ್ಡ ನಿದರ್ಶನಗಳೂ ಇವೆ. 1984ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ಮೈಕೆಲ್ ಡೆಲ್ ಎಂಬ ತರುಣನು ಒಂದು ಸಾವಿರ ಡಾಲರುಗಳ ಬಂಡವಾಳದಿಂದ ಗಣಕಯಂತ್ರಗಳಿಗೆ ಬಿಡಿಭಾಗ ಸೇರಿಸಿ ಮಾರತೊಡಗಿದ್ದು ಲೋಕಪ್ರಸಿದ್ಧ. ನಮ್ಮ ರಾಜ್ಯದಲ್ಲೇ 2007ರಲ್ಲಿ ಇಬ್ಬರು ತರುಣರು ಬೆಂಗಳೂರಿನ ಮನೆಯೊಂದರಲ್ಲಿ ಫ್ಲಿಪ್‌ಕಾರ್ಟನ್ನು ಆರಂಭಿಸಿದರು. ಅವರಿಗೆ ಬಂದ ಮೊದಲ ಬೇಡಿಕೆ ಯಾವುದೋ ಮಹಾನಗರದಿಂದ ಬಂದುದಲ್ಲ, ನಮ್ಮ ಗಡಿಗೆ ಸಮೀಪದ, ಆಗ ಆಂಧ್ರಪ್ರದೇಶದಲ್ಲಿದ್ದ ಮೆಹಬೂಬ್‌ನಗರದಿಂದ. ಬೇಕಾಗಿದ್ದ ಪುಸ್ತಕ ಸುಲಭವಾಗಿ ದೊರೆಯದೆ, ಅವರು ಬೆಂಗಳೂರಿನ ಪುಸ್ತಕದಂಗಡಿಗಳನ್ನು ಸುತ್ತಿ ಹುಡುಕಿ ತಂದು ಕಳುಹಿಸಿದರೆಂಬುದನ್ನು ಅನೇಕರು ಬಲ್ಲರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಮರೆಯುತ್ತಾರೆ. ಅವರು ಮೊದಲು ಮಾರಿದ್ದು ಪುಸ್ತಕವನ್ನು. ಪುಸ್ತಕ ಸುಟ್ಟುಹೋಗುವುದಿಲ್ಲ, ಅದರ ಮುಳ್ಳು ಬಾಗುವುದಿಲ್ಲ, ಆರು ತಿಂಗಳ ಬಳಿಕ “ಕೆಲಸ ಮಾಡುತ್ತಿಲ್ಲ” ಎಂದು ಹಿಂದಕ್ಕೆ ಬರುವುದಿಲ್ಲ. ಗಣಕಯಂತ್ರದ ಬಿಡಿಭಾಗಗಳ ವ್ಯಾಪಾರ ಬೇರೆ ಜಾತಿಯದು.

ಮೊದಲು ಲಾಭದ ಲೆಕ್ಕವನ್ನೇ ನೋಡೋಣ. ತಿಳಿಯಲೆಂದು ನಾವೇ ಹಿಡಿದ ಅಂಕಿಗಳಿವು. ತೆರಿಗೆ ಬಿಟ್ಟು 3,000 ರೂಪಾಯಿಗೆ ಕೊಂಡ ಎಸ್.ಎಸ್.ಡಿ.ಯೊಂದನ್ನು ಹುಡುಗನು 3,150 ರೂಪಾಯಿಗೆ ಮಾರುತ್ತಾನೆ ಎನ್ನಿ. ಶೇಕಡಾ 18ರ ಜಿ.ಎಸ್.ಟಿ. ಸೇರಿ ಗ್ರಾಹಕನು ತೆರುವುದು 3,717 ರೂಪಾಯಿ. ಹುಡುಗನ ಪಾಲಿಗೆ ಉಳಿದದ್ದು 150. ಗ್ರಾಹಕನು ಕಾರ್ಡಿನ ಮೂಲಕ ಹಣ ಕೊಟ್ಟು, ಅದಕ್ಕೆ ನೂರಕ್ಕೆ ಎರಡರಂತೆ ಶುಲ್ಕ ಹಿಡಿದರೆ 74 ರೂಪಾಯಿ ಹೋಯಿತು. ಕೊರಿಯರಿಗೆ 70, ಡಬ್ಬಿ ಮತ್ತು ಗುಳ್ಳೆಹಾಳೆಗೆ 20. ಒಟ್ಟು ಖರ್ಚು 164. ಮಾರಿದ್ದಕ್ಕೆ ಪ್ರತಿಯಾಗಿ 14 ರೂಪಾಯಿ ಕೈಯಿಂದ ಬಿದ್ದಿತು! ಯು.ಪಿ.ಐ. ಮೂಲಕ ನೇರವಾಗಿ ತನ್ನ ಖಾತೆಗೆ ಹಣ ಹಾಕಿಸಿಕೊಂಡರೆ, 2020ರ ಜನವರಿಯಿಂದ ಅಂಥ ಪಾವತಿಗೆ ವ್ಯಾಪಾರಿಯ ಮೇಲೆ ಬ್ಯಾಂಕಿನ ಶುಲ್ಕವಿಲ್ಲವಾದ್ದರಿಂದ, 60 ರೂಪಾಯಿ ಉಳಿಯುತ್ತದೆ. ಆದರೆ ಒಂದೇ ಒಂದು ವಸ್ತು ಹಿಂದಿರುಗಿ ಬಂದರೆ ಹೋದ ಕೊರಿಯರು, ಬಂದ ಕೊರಿಯರು, ಡಬ್ಬಿ ಎಲ್ಲ ಸೇರಿ 160. ಸುಮಾರು ಮೂರು ಮಾರಾಟಗಳ ಲಾಭ ಅಲ್ಲಿಗೆ ತೀರಿತು. ಹುಡುಗನ ವಿದ್ಯುತ್ತು, ಅಂತರ್ಜಾಲದ ಬಾಡಿಗೆ, ಅವನ ದಿನಗೂಲಿ ಇದರಲ್ಲಿ ಸೇರಿಲ್ಲ.

ಬೆಲೆಯನ್ನು ಸ್ವಲ್ಪ ಏರಿಸಿದರಾಯಿತಲ್ಲ ಎಂದು ಹಿರಿಯರು ಕೇಳಿದರು. ಕಿರಾಣಿಯಲ್ಲಿ ಅದು ಸಾಧ್ಯ. ಇಲ್ಲಿ ಮಾತ್ರ ಗ್ರಾಹಕನು ಅದೇ ಮಾದರಿಯ ಅದೇ ವಸ್ತುವಿನ ಬೆಲೆಯನ್ನು ಹತ್ತು ಕಡೆ ಒಂದೇ ನಿಮಿಷದಲ್ಲಿ ನೋಡಬಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರು ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗಳಲ್ಲಿ ಸಗಟು ಸರಕಿನ ಮೇಲೆಯೇ ಕುಳಿತ ವ್ಯಾಪಾರಿಗಳೊಡನೆ ಗಾಜಿಪುರದ ಕೋಣೆಯೊಂದು ಬೆಲೆಯಲ್ಲಿ ಸೆಣಸುವುದು ಆಗದ ಮಾತು. ನಮಗೆ ಸಮೀಪದ ದೊಡ್ಡ ಮಾರುಕಟ್ಟೆಯೆಂದರೆ ಸಿಕಂದರಾಬಾದಿನದು; ಅಲ್ಲಿಂದ ಸರಕು ತರುವ ಹುಡುಗನು ಅಲ್ಲಿನವರಿಗಿಂತ ಕಡಿಮೆಗೆ ಮಾರಲು ಹೇಗೆ ಸಾಧ್ಯ?

ಇನ್ನೊಂದು ಅಪಾಯವು ಕಪಾಟಿನಲ್ಲಿಯೇ ಇರುತ್ತದೆ. ತೊಗರಿಯನ್ನು ಗೋದಾಮಿನಲ್ಲಿಟ್ಟು ಬೆಲೆಗಾಗಿ ಕಾಯುವುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಗಣಕಯಂತ್ರದ ಬಿಡಿಭಾಗಗಳ ಬೆಲೆ ಏರಿಳಿಯುವ ಕಾರಣಗಳು ನಮ್ಮ ಮಳೆಬೆಳೆಯಲ್ಲಿಲ್ಲ. 2011ರ ಕೊನೆಯಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದವು. ಕೆಲವೇ ವಾರಗಳಲ್ಲಿ ಜಗತ್ತಿನಾದ್ಯಂತ ಹಾರ್ಡ್ ಡಿಸ್ಕಿನ ಬೆಲೆ ಗಗನಕ್ಕೇರಿತು. 2021ರಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಗೆ ಎಲ್ಲಿಲ್ಲದ ಬೇಡಿಕೆ. ಕ್ರಿಪ್ಟೋ ನಾಣ್ಯಗಳನ್ನು ಗಣಿಸುವವರೇ ಅವನ್ನು ಸಾಲುಸಾಲಾಗಿ ಕೊಳ್ಳುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಮ್ ಎಂಬ ನಾಣ್ಯವು ಆ ಪದ್ಧತಿಯನ್ನೇ ಕೈಬಿಟ್ಟಿತು. ಬಳಸಿ ಬಿಟ್ಟ ಕಾರ್ಡುಗಳು ಮಾರುಕಟ್ಟೆಗೆ ಹರಿದುಬಂದವು. ಹಿಂದಿನ ವರ್ಷದ ಬೆಲೆಗೆ ಕೊಂಡು ಕಪಾಟಿನಲ್ಲಿಟ್ಟವನ ಗತಿಯೇನಾಗಿರಬೇಕು? ಮತ್ತೆ 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಸೆಳೆದುಕೊಂಡ ಪರಿಣಾಮವಾಗಿ ರ್‍ಯಾಮ್ ಬೆಲೆ ಏರಿತು; ಆ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆಯು ‘ಕ್ರೂಶಿಯಲ್’ ಹೆಸರಿನಲ್ಲಿ ನಡೆಸುತ್ತಿದ್ದ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಪಿ.ಎಫ್. ಹಣವನ್ನು ಸರಕಾಗಿ ಮಾರ್ಪಡಿಸಿ ಮನೆಯಲ್ಲಿಡುವುದೆಂದರೆ ಅದನ್ನು ಇಂಥ ಸುದ್ದಿಗಳ ಕೈಗೆ ಒಪ್ಪಿಸಿದಂತೆ. ಡೆಲ್ ಎಂಬವರ ಕಥೆಯಲ್ಲಿ ಮಕ್ಕಳು ಗಮನಿಸಬೇಕಾದದ್ದು ಅವರ ಐಶ್ವರ್ಯವನ್ನಲ್ಲ. ಅವರ ಸಂಸ್ಥೆಯು ಬೇಡಿಕೆ ಬಂದ ಮೇಲೆಯೇ ಯಂತ್ರ ಜೋಡಿಸುವ ಪದ್ಧತಿಯಿಂದ ಬೆಳೆಯಿತು ಎಂಬುದನ್ನು.

ಎಲ್ಲಕ್ಕಿಂತ ಹೆಚ್ಚು ಜಗಳ ತರುವ ವಸ್ತು ಮದರ್‌ಬೋರ್ಡ್. ಹಿಂದೆ ಪ್ರೊಸೆಸರಿನ ಅಡಿಯಲ್ಲಿ ಇರುತ್ತಿದ್ದ ಕೂದಲೆಳೆಯಂಥ ಮುಳ್ಳುಗಳು, ಇಂಟೆಲ್‌ನ ಮೇಜಿನ ಯಂತ್ರಗಳಲ್ಲಿ 2004ರಿಂದಲೂ ಎ.ಎಂ.ಡಿ.ಯವರದ್ದರಲ್ಲಿ 2022ರ ಎ.ಎಂ.5 ಬಂದಂದಿನಿಂದಲೂ ಬೋರ್ಡಿನ ಮೇಲೆಯೇ ಇರುತ್ತವೆ. ಬೆರಳಿನ ತುದಿ ತಗಲಿದರೂ ಅವು ಬಾಗುತ್ತವೆ. ಬಾಗಿದ ಮುಳ್ಳನ್ನು ತಯಾರಕರು ಗ್ರಾಹಕನ ಕೈತಪ್ಪಿನಿಂದಾದ ಹಾನಿಯೆಂದು ಎಣಿಸುತ್ತಾರೆ; ಅದಕ್ಕೆ ವಾರಂಟಿ ಸಿಗುವುದಿಲ್ಲ. ಇಂಥ ಒಂದು ವಸ್ತುವಿಗೆ ಬೀದರಿನ ಗ್ರಾಹಕನು “ಡಬ್ಬಿ ಬಿಚ್ಚಿದಾಗಲೇ ಬಾಗಿತ್ತು” ಎನ್ನುತ್ತಾನೆ. ಕೊರಿಯರಿನವರು “ಡಬ್ಬಿ ಜಖಂ ಆಗಿಲ್ಲ” ಎನ್ನುತ್ತಾರೆ. ಸಗಟು ವ್ಯಾಪಾರಿಯು ದೂರವಾಣಿಯನ್ನೇ ಎತ್ತುವುದಿಲ್ಲ. ನಡುವೆ ನಿಂತವನು ಗಾಜಿಪುರದ ಹುಡುಗ. ಆದ್ದರಿಂದ ಬೋರ್ಡು ಹೊರಡುವ ಮೊದಲು ಸಾಕೆಟ್ಟಿನ ಮುಚ್ಚಳ ತೆಗೆದು ಮುಳ್ಳುಗಳ ಛಾಯಾಚಿತ್ರವನ್ನು ಬೆಳಕಿನಲ್ಲಿ ತೆಗೆಯಬೇಕು. ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಯಬೇಕು. ಸ್ಥಾಯೀವಿದ್ಯುತ್ತು ತಡೆಯುವ ಚೀಲದಲ್ಲಿ ಹಾಕಿ, ಡಬ್ಬಿಗೆ ಟೇಪು ಹಚ್ಚುವವರೆಗೆ ಒಂದೇ ಓಟದಲ್ಲಿ ವಿಡಿಯೊ ತೆಗೆದಿಡಬೇಕು. ಹಿಂದಿರುಗಿ ಬಂದ ವಸ್ತುವಿನ ಕ್ರಮಸಂಖ್ಯೆಯನ್ನು ಮೊದಲು ನೋಡಿ, ಬಳಿಕವೇ ಮಾತು. ಹೊಸದನ್ನು ಕೊಂಡು, ಕೆಟ್ಟ ಹಳೆಯದನ್ನು ಅದೇ ಡಬ್ಬಿಯಲ್ಲಿ ಹಿಂದಿರುಗಿಸುವ ಜನರೂ ಇದ್ದಾರೆ.

ಮೋಸ ಬರುವುದು ಗ್ರಾಹಕನ ಕಡೆಯಿಂದ ಮಾತ್ರವಲ್ಲ. ಹೊರಗೆ ‘1 ಟಿ.ಬಿ.’ ಎಂದು ಅಚ್ಚಾಗಿ ಒಳಗೆ ಅದರ ಸಣ್ಣ ಪಾಲೂ ಹಿಡಿಸದ ಪೆನ್ ಡ್ರೈವ್‌ಗಳು ಅಗ್ಗದ ಸರಕಿನಲ್ಲಿ ಧಾರಾಳವಾಗಿ ಬರುತ್ತವೆ. ಪೂರ್ತಿ ತುಂಬಿಸಿ ಮತ್ತೆ ಓದಿ ನೋಡಿದರಲ್ಲದೆ ಅದು ತಿಳಿಯದು. ಪವರ್ ಅಡಾಪ್ಟರ್, ಯು.ಪಿ.ಎಸ್. ಮುಂತಾದವುಗಳ ಮೇಲೆ ಬಿ.ಐ.ಎಸ್. ನೋಂದಣಿಯ ಗುರುತು ಕಡ್ಡಾಯ. ಗುರುತಿಲ್ಲದ್ದನ್ನು ಎಷ್ಟೇ ಅಗ್ಗವಾದರೂ ಮನೆಯೊಳಗೆ ತರಬಾರದು.

ಕಾಯಿದೆಯ ಸಂಗತಿಗಳನ್ನು ಚುಟುಕಾಗಿ ಹೇಳುತ್ತೇವೆ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿ.ಎಸ್.ಟಿ. ನೋಂದಣಿ ಬೇಡವೆಂಬ ಮಾತನ್ನು ನಂಬಿ ಕೂರಬಾರದು. ಹೊರರಾಜ್ಯಕ್ಕೆ ಒಂದೇ ಒಂದು ವಸ್ತು ಮಾರಿದರೂ ನೋಂದಣಿ ಬೇಕು. ನಮಗೆ ಬೆಂಗಳೂರಿಗಿಂತ ಸೊಲ್ಲಾಪುರವೂ ಹೈದರಾಬಾದೂ ಹತ್ತಿರವಾದ್ದರಿಂದ ಈ ನಿಯಮವು ಕಲಬುರಗಿಯವರನ್ನು ಬೇಗನೆ ತಟ್ಟುತ್ತದೆ. ನೋಂದಣಿಗೆ ಮನೆಯ ವಿಳಾಸವೇ ಸಾಕು. ಜೆಸ್ಕಾಂ ಬಿಲ್ಲು ತಂದೆಯ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಸೇರಿಸಬೇಕು. 2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಂಗಡಿಯ ಹೆಸರು, ವಿಳಾಸ, ದೂರು ಕೇಳುವವರ ಹೆಸರು ಪ್ರಕಟವಾಗಿರಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಮತ್ತೊಂದು ಮಾತನ್ನು ತಂದೆಯಂದಿರು ವಿಶೇಷವಾಗಿ ತಿಳಿದಿರಬೇಕು. 2019ರ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ಗುವಾಹಟಿಯವನಿಗೆ ಮಾರಿದರೆ ಉತ್ತರ ಹೇಳಬೇಕಾದದ್ದು ಗುವಾಹಟಿಯಲ್ಲಿ.

ಹಾಗಾದರೆ ಬೇಡವೆನ್ನುತ್ತೀರಾ ಎಂದು ಹುಡುಗನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದನು. ಅವನ ಸಿಟ್ಟು ನಮಗೆ ಮೆಚ್ಚುಗೆಯಾಯಿತು. ಬೇಡವೆಂದಲ್ಲ, ಇಡೀ ದೇಶಕ್ಕೆ ಮಾರುವ ಆಸೆಯನ್ನು ಬದಿಗಿಟ್ಟು ನಮ್ಮ ಊರಿನಿಂದ ಆರಂಭಿಸು ಎಂದೆವು.

ಕಲಬುರಗಿಯ ಬಿಸಿಲು, ಧೂಳು ಬೆಂಗಳೂರಿನ ವ್ಯಾಪಾರಿಗೆ ತಿಳಿಯದು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಊರಿದು. ಯು.ಪಿ.ಎಸ್.ನಲ್ಲಿರುವ ಸೀಸ-ಆಮ್ಲದ ಬ್ಯಾಟರಿಯ ಬಾಳಿಕೆಯನ್ನು 25 ಡಿಗ್ರಿಗೆ ಲೆಕ್ಕ ಹಾಕಿರುತ್ತಾರೆ. ಅದರ ಮೇಲೆ ಸುಮಾರು ಹತ್ತು ಡಿಗ್ರಿ ಏರಿದರೆ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆ. ದಾಲ್ ಮಿಲ್ಲಿನ ಕಚೇರಿಯಲ್ಲಿರುವ ಬಿಲ್ಲಿನ ಯಂತ್ರದ ಫ್ಯಾನಿನಲ್ಲಿ ಬೇಳೆಯ ಹೊಟ್ಟು ತುಂಬಿ ಅದು ಬಿಸಿಯಾಗಿ ನಿಲ್ಲುತ್ತದೆ. ನಾಣ್ಯದಂಥ ಸಿ.ಆರ್.2032 ಬ್ಯಾಟರಿ ಮುಗಿದು ಯಂತ್ರದ ದಿನಾಂಕವು ಹಿಂದಕ್ಕೆ ಹೋಗಿ, ಬಿಲ್ಲುಗಳೆಲ್ಲ ತಪ್ಪು ತಾರೀಖಿನಲ್ಲಿ ಅಚ್ಚಾಗುತ್ತವೆ. 2008ರಲ್ಲಿ ಇಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದು 2013ರಲ್ಲಿ ಅದು ಖಾಯಂ ಆದ ಮೇಲೆ, ವಕೀಲರ ಕಚೇರಿಗಳೂ ಬೆರಳಚ್ಚಿನ ಅಂಗಡಿಗಳೂ ಅನೇಕ. ನಾಳೆ ಬೆಳಿಗ್ಗೆ ಅರ್ಜಿ ಸಲ್ಲಿಸಬೇಕಾದ ವಕೀಲರಿಗೆ ಎಸ್.ಎಂ.ಪಿ.ಎಸ್. ಸುಟ್ಟರೆ, ಮೂರು ದಿನಗಳಲ್ಲಿ ಬರುವ ಅಗ್ಗದ ವಸ್ತು ಯಾವ ಉಪಯೋಗಕ್ಕೆ? ಅವರಿಗೆ ಈ ಸಂಜೆಯೇ ಬೇಕು, ತಂದವನೇ ಜೋಡಿಸಿಕೊಡಬೇಕು.

ಅಂಥವರಿಗೆ ಬೇಕಾಗುವ ಮೂವತ್ತು ನಲವತ್ತು ಬಗೆಯ ವಸ್ತುಗಳನ್ನಷ್ಟೇ ಇಟ್ಟು, ಅವುಗಳ ಬೆಲೆ, ಚಿತ್ರ, ‘ಇಂದು ಮನೆಯಲ್ಲಿದೆ’ ಎಂಬ ಸೂಚನೆಯನ್ನು ಅಂತರ್ಜಾಲದಲ್ಲಿ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಹಾಕಿದರೆ ಅದೂ ಅಂತರ್ಜಾಲ ಅಂಗಡಿಯೇ. ಹಳೆಯ ಯಂತ್ರದ ಛಾಯಾಚಿತ್ರ ಕಳುಹಿಸಿದರೆ ಯಾವ ರ್‍ಯಾಮ್ ಹಿಡಿಯುತ್ತದೆಂದು ಹೇಳುವ ಸೌಕರ್ಯವನ್ನೂ ಸೇರಿಸಬಹುದು. ನಗರದೊಳಗೆ ಸ್ಕೂಟರಿನಲ್ಲೇ ತಲುಪಿಸಬಹುದಾದ್ದರಿಂದ ಕೊರಿಯರಿನ 70 ರೂಪಾಯಿ ಉಳಿಯುತ್ತದೆ, ಜೋಡಣೆಗೆ ಪ್ರತ್ಯೇಕ ಕೂಲಿ ದೊರೆಯುತ್ತದೆ. ಭಾರವಾದ ಬ್ಯಾಟರಿಗಳನ್ನು ಕೊರಿಯರಿನಲ್ಲಿ ಕಳುಹಿಸುವ ತಾಪತ್ರಯವೂ ಇಲ್ಲ. ಕಮಲಾಪುರ, ಶಹಾಬಾದ್, ಆಳಂದಗಳಿಗೆ ವಿಸ್ತರಿಸುವುದು ಒಂದು ವರ್ಷದ ಪುಸ್ತಕ ಮುಗಿದ ಮೇಲಿನ ಮಾತು.

ಬಂಡವಾಳದ ಪ್ರಶ್ನೆಯಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಕಠಿಣವೆಂದು ಕೆಲವರಿಗೆ ತೋರಬಹುದು. ಪಿ.ಎಫ್. ಹಣವನ್ನೂ ತಾಯಿಯ ಕೊರಳಿನ ಬಂಗಾರವನ್ನೂ ಇದರಲ್ಲಿ ಹೂಡಬಾರದು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ ಅಡಮಾನವಿಲ್ಲದೆ 50,000 ರೂಪಾಯಿವರೆಗೆ ಬ್ಯಾಂಕುಗಳು ಸಾಲ ಕೊಡುತ್ತವೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿಯೂ ವಿಚಾರಿಸಬಹುದು. ಈ ತೆರನ ಅಂಗಡಿ ಅಷ್ಟರೊಳಗೆ ನಿಲ್ಲದಿದ್ದರೆ ಐದು ಲಕ್ಷಕ್ಕೂ ನಿಲ್ಲದು. ಬಿದ್ದಾಗ ಆಗುವ ಗಾಯ ಮಾತ್ರ ದೊಡ್ಡದಾಗುತ್ತದೆ. ಮನೆಯ ಖರ್ಚಿನ ಖಾತೆಯೂ ಅಂಗಡಿಯ ಖಾತೆಯೂ ಮೊದಲ ದಿನದಿಂದ ಬೇರೆಯಾಗಿರಬೇಕು. ಬಂಧುಗಳಿಗೆ ಉದ್ರಿ ಕೊಡುವುದಿಲ್ಲವೆಂದು ತಾಯಿಯೇ ಹೇಳಿಬಿಡುವುದು ಲೇಸು, ಹುಡುಗನಿಗೆ ಅದು ಬಾಯಿಬರುವುದಿಲ್ಲ.

ಇಷ್ಟೆಲ್ಲ ಕೇಳಿದ ಹಿರಿಯರು ಏನೂ ಹೇಳದೆ ಎದ್ದುಹೋದರು. ಎರಡು ವಾರಗಳ ಬಳಿಕ ಅದೇ ಅಂಗಳದಲ್ಲಿ ಸಿಕ್ಕಾಗ ನಾವೇ ವಿಚಾರಿಸಿದೆವು. ಜೆಸ್ಕಾಂ ಬಿಲ್ಲನ್ನೂ ಒಪ್ಪಿಗೆ ಪತ್ರವನ್ನೂ ಮಗನಿಗೆ ಕೊಟ್ಟಿದ್ದಾರೆ. ಮುಂದಿನ ಕೋಣೆಯಲ್ಲಿದ್ದ ತಮ್ಮ ಮಂಚವನ್ನು ಒಳಗೆ ಸರಿಸಿ ಅಲ್ಲೊಂದು ಮೇಜು ಹಾಕಿಸಿದ್ದಾರೆ. ಪಿ.ಎಫ್. ಹಣ ಅಂಚೆ ಕಚೇರಿಯಲ್ಲಿಯೇ ಇದೆ.