ಹಲಗೆಯ ಮೇಲೆ ಹಾಸಿದ ವಿಮಾನ

ರೆಕ್ಕೆಗಳು ಗೋಡೆಗೆ ಒರಗಿವೆ. ಒಡಲು ಕಬ್ಬಿಣದ ಸ್ಟ್ಯಾಂಡಿನ ಮೇಲಿದೆ. ಎಂಜಿನ್ ಇನ್ನೂ ಮರದ ಪೆಟ್ಟಿಗೆಯಿಂದ ಹೊರಬಂದಿಲ್ಲ. ಆದರೂ ಈ ವಿಮಾನದಲ್ಲಿ ಕರೆಂಟು ಆಗಲೇ ಹರಿಯುತ್ತಿದೆ. ಶೆಡ್ಡಿನ ನಡುವೆ ಎರಡು ಮೇಜು ಜೋಡಿಸಿ, ಮೇಲೊಂದು ಪ್ಲೈವುಡ್ ಹಲಗೆ ಹಾಕಿ, ವಿಮಾನದ ವೈರಿಂಗ್ ಪೂರ್ತಿ ಅದರ ಮೇಲೆ ಹಾಸಿದ್ದಾರೆ. ಎಡತುದಿಯಲ್ಲಿ ಬ್ಯಾಟರಿ, ಬಲತುದಿಯಲ್ಲಿ ರೆಕ್ಕೆಯ ಕೆಂಪು ಹಸಿರು ದೀಪಗಳು, ನಡುವೆ ಹತ್ತಿಂಚಿನ ಒಂದು ಪರದೆ ಬೆಳಗುತ್ತಿದೆ.

ಊರು ಜಕ್ಕೂರು. ಬೆಂಗಳೂರಿನ ಬಳ್ಳಾರಿ ರಸ್ತೆಯ ಪೂರ್ವಕ್ಕೆ, ಎತ್ತರದ ರಸ್ತೆಯಲ್ಲಿ ದೇವನಹಳ್ಳಿಗೆ ಧಾವಿಸುವ ಕಾರುಗಳಿಗೆ ಒಂದು ಕ್ಷಣ ಮಾತ್ರ ಕಾಣುವ ಚಿಕ್ಕ ವಿಮಾನ ನಿಲ್ದಾಣ ಇಲ್ಲಿದೆ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ದಶಕಗಳಿಂದ ಇಲ್ಲಿದೆ. ಶಾಲೆಯ ವಿಮಾನಗಳ ಜೊತೆಗೆ ಬಟ್ಟೆ ಹೊದ್ದ ಮೈಕ್ರೊಲೈಟ್‌ಗಳೂ ಇದೇ ರನ್‌ವೇಯಿಂದ ಏಳುತ್ತವೆ.

ನನ್ನನ್ನು ಒಳಗೆ ಕರೆದೊಯ್ದವರು ನಮ್ಮ ಬೈಲಹೊಂಗಲ ಕಡೆಯವರು. ಸಾಂಬ್ರಾದ ಏರ್‌ಮೆನ್ ಟ್ರೇನಿಂಗ್ ಸ್ಕೂಲಿನಲ್ಲಿ ಕಲಿತು, ವಾಯುಪಡೆಯಲ್ಲಿ ವಿಮಾನದ ವಿದ್ಯುತ್ ಕೆಲಸ ಮಾಡಿ ನಿವೃತ್ತರಾದವರು. ಹೆಸರು ಹಾಕಬೇಡ ಎಂದಿದ್ದಾರೆ. ನಾನು ಕರೆಯುವಂತೆ ಇಲ್ಲಿಯೂ ಕಾಕಾ ಎಂದೇ ಇರಲಿ. ವಿಮಾನ ಇವರದಲ್ಲ. ಕಿಟ್ ತರಿಸಿ ಕಟ್ಟುತ್ತಿರುವವರು ಬೇರೊಬ್ಬರು. ವೈರಿಂಗ್ ಮಾತ್ರ ಕಾಕಾ ಅವರ ಪಾಲಿನದು.

ವಿಮಾನವನ್ನು ಮನೆಯಲ್ಲಿ ಕಟ್ಟುವುದೆಂದರೆ ನಮ್ಮಲ್ಲಿ ಈಗಲೂ ಹುಬ್ಬೇರುತ್ತದೆ. ಮುಂಬೈಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಕಟ್ಟಡವೊಂದರ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, ಅದಕ್ಕೆ ನೋಂದಣಿ ಸಿಕ್ಕಾಗ 2017 ಮುಗಿಯುತ್ತ ಬಂದಿತ್ತು. ಆದರೆ ಬೆಂಗಳೂರಿಗೆ ಈ ನಂಟು ಹೊಸದಲ್ಲ. ಇಲ್ಲಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಕಿಟ್‌ಗಳನ್ನು ಬ್ರಿಟನ್, ಫ್ರಾನ್ಸಿನ ಹವ್ಯಾಸಿಗಳು ತಮ್ಮ ಗ್ಯಾರೇಜುಗಳಲ್ಲಿ ಜೋಡಿಸಿ ಹಾರಿಸಿದ್ದಾರೆ. ಇಲ್ಲಿನದೇ ಸರ್ಕಾರಿ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ಎಂಬ ಪುಟ್ಟ ಸಂಶೋಧನಾ ವಿಮಾನದ ಮೂಲವೂ ಒಂದು ಹೋಮ್‌ಬಿಲ್ಟೇ: ಅಮೆರಿಕದ ಬರ್ಟ್ ರಟನ್ ಹವ್ಯಾಸಿಗಳಿಗೆಂದು ನಕ್ಷೆ ಮಾರುತ್ತಿದ್ದ ಲಾಂಗ್-ಈಜಿ. ಸರ್ಕಾರಿ ಪ್ರಯೋಗಾಲಯ ಗ್ಯಾರೇಜಿನಿಂದ ಪಾಠ ಕಲಿತ ಪ್ರಸಂಗ ನಮ್ಮಲ್ಲಿ ಅಷ್ಟಾಗಿ ಯಾರೂ ಹೇಳುವುದಿಲ್ಲ.

ಹಲಗೆಯ ಎಡತುದಿಯಿಂದ ಶುರುಮಾಡೋಣ. ಬ್ಯಾಟರಿಯಿಂದ ದಪ್ಪ ಕೇಬಲ್ ಹೊರಟು ಮಾಸ್ಟರ್ ಕಾಂಟ್ಯಾಕ್ಟರ್ ಎಂಬ ಮುಖ್ಯ ಸ್ವಿಚ್ಚಿಗೆ ಬರುತ್ತದೆ. ಅಲ್ಲಿಂದ ಮುಂದಕ್ಕೆ, ಹಳೆಯ ವಿಮಾನದಲ್ಲಾಗಿದ್ದರೆ, ತಾಮ್ರದ ಬಸ್‌ಬಾರು. ಅದಕ್ಕೆ ಸಾಲಾಗಿ ಕಚ್ಚಿಕೊಂಡ ಕಪ್ಪು ಗುಂಡಿಗಳು, ಅಂದರೆ ಸರ್ಕ್ಯೂಟ್ ಬ್ರೇಕರುಗಳು. ಪ್ರತಿ ಗುಂಡಿಯ ತಲೆಯ ಮೇಲೆ 5, 10 ಎಂದು ಆಂಪಿಯರ್ ಅಂಕಿ. ಒಳಗೆ ಎರಡು ಲೋಹಗಳ ಪಟ್ಟಿಯೊಂದಿರುತ್ತದೆ. ಹೆಚ್ಚು ಕರೆಂಟು ಹರಿದರೆ ಅದು ಕಾದು ಬಾಗಿ, ಗುಂಡಿ ಟಕ್ಕನೆ ಹೊರಚಿಮ್ಮುತ್ತದೆ. ಪೈಲಟ್ ಬೆರಳಲ್ಲಿ ಸವರಿದರೂ ಸಾಕು, ಯಾವುದು ಹೊರಬಂದಿದೆ ಎಂಬುದು ಗೊತ್ತಾಗುತ್ತದೆ.

ಕಾಕಾ ಅವರ ಹಲಗೆಯಲ್ಲಿ ಆ ಸಾಲು ಇಲ್ಲ. ಅದರ ಬದಲಿಗೆ ಮುಚ್ಚಿದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ದೀಪ, ರೇಡಿಯೊ, ಫ್ಲ್ಯಾಪ್ ಮೋಟಾರು, ವಿಮಾನದ ಸಮತೋಲ ತಿದ್ದುವ ಟ್ರಿಮ್ ಮೋಟಾರು ಎಲ್ಲದರ ವೈರೂ ಅದರ ಕನೆಕ್ಟರುಗಳಿಗೆ ಬಂದು ಸೇರುತ್ತದೆ. ಒಳಗೆ ಕಾಯುವ ಪಟ್ಟಿಯಿಲ್ಲ, ಸೆಮಿಕಂಡಕ್ಟರ್ ಸ್ವಿಚ್ಚುಗಳಿವೆ. ಅವು ಹರಿಯುವ ಕರೆಂಟನ್ನು ಬಿಡದೆ ಅಳೆಯುತ್ತವೆ, ಮಿತಿ ಮೀರಿದರೆ ಕಡಿಯುತ್ತವೆ. ಈ ಎಲೆಕ್ಟ್ರಾನಿಕ್ ಬ್ರೇಕರ್ ಜಾತಿಯಲ್ಲಿ ಹೋಮ್‌ಬಿಲ್ಟ್ ಮಂದಿಗೆ ಚಿರಪರಿಚಿತವಾದದ್ದು ಅಮೆರಿಕದ ವರ್ಟಿಕಲ್ ಪವರ್ ಕಂಪನಿಯ ವಿಪಿ-ಎಕ್ಸ್. ಗಾರ್ಮಿನ್, ಡೈನಾನ್ ಮುಂತಾದವರ ಪರದೆಗಳು ಇದರೊಡನೆ ಮಾತಾಡಬಲ್ಲವು. ಅಷ್ಟು ಮಾತಿಗೆ ಬೇಕಾದದ್ದು ಆರ್‌ಎಸ್-232 ಎಂಬ ಹಳೆಯ ಸೀರಿಯಲ್ ಸಂಪರ್ಕ. ತೆಳ್ಳಗಿನ ಒಂದೆರಡು ತಂತಿ.

"ಬ್ರೇಕರ್ ಇರೋದು ಯಾರ ಸಲುವಾಗಿ, ಹೇಳು ನೋಡೋಣ ತಮ್ಮಾ?" ಎಂದರು ಕಾಕಾ. ರೇಡಿಯೊ ಕಾಯುವುದಕ್ಕೆ ಎಂದೆ. ನಕ್ಕರು. "ರೇಡಿಯೊ ಸತ್ರ ಸಾಯಲಿ. ವೈರ್ ಸುಡಬಾರ್ದು. ವೈರ್ ಸುಟ್ರ ಮ್ಯಾಲ ಹೊಗಿ ಬರತೈತಿ, ಅಲ್ಲಿ ಬಸ್ಸಿನಂಗ ಇಳಿಯಾಕ ಬರೂದಿಲ್ಲ."

ಆ ಒಂದು ಮಾತಿನ ಮೇಲೆ ಲೆಕ್ಕವೆಲ್ಲ ನಿಂತಿದೆ. 22 ಗೇಜಿನ ತೆಳು ವೈರಿಗೆ 5 ಆಂಪಿಯರ್ ಬ್ರೇಕರ್, 20 ಗೇಜಿಗೆ ಏಳೂವರೆ, 18 ಗೇಜಿಗೆ 10. ಅಮೆರಿಕದ ವಿಮಾನಯಾನ ಇಲಾಖೆಯ ಕೈಪಿಡಿಯಲ್ಲಿ ದಶಕಗಳಿಂದ ಇರುವ ಕೋಷ್ಟಕ ಇದು. ವೈರು ಮೊದಲು, ಅಂಕಿ ಆಮೇಲೆ. ನಮ್ಮ ಮಲಪ್ರಭೆ ದಂಡೆಯ ಹೊಲಗಳಲ್ಲಿ ಪಂಪ್‌ಸೆಟ್ಟಿನ ಫ್ಯೂಜು ಮೇಲಿಂದ ಮೇಲೆ ಹಾರತೊಡಗಿದರೆ ಏನು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತು: ದಪ್ಪ ತಾಮ್ರದ ಎಳೆ ಸುತ್ತುತ್ತಾರೆ. ಆಮೇಲೆ ಫ್ಯೂಜು ಹಾರುವುದಿಲ್ಲ, ಮೋಟಾರು ರಿವೈಂಡಿಂಗಿಗೆ ಪೇಟೆಗೆ ಹೋಗುತ್ತದೆ. ಎಲೆಕ್ಟ್ರಾನಿಕ್ ಬ್ರೇಕರಿನಲ್ಲಿ ಈ ಪಾಪಕ್ಕೆ ತಾಮ್ರವೂ ಬೇಡ, ಇಕ್ಕಳವೂ ಬೇಡ. ಲ್ಯಾಪ್‌ಟಾಪ್ ಜೋಡಿಸಿ 5 ಇದ್ದಲ್ಲಿ 10 ಎಂದು ಒತ್ತಿದರೆ ಮುಗಿಯಿತು. ಹಾಗಾಗಿ ಕಾಕಾ ಪ್ರತಿ ವೈರಿನ ಗೇಜು, ಉದ್ದ, ಬ್ರೇಕರ್ ಮಿತಿಯನ್ನು ರೂಲು ಎಳೆದ ನೋಟ್‌ಬುಕ್ಕಿನಲ್ಲಿ ಬರೆದು, ವಿಮಾನದ ಒಡೆಯರಿಂದ ಸಹಿ ಹಾಕಿಸಿಕೊಂಡಿದ್ದಾರೆ. ಪೆನ್ಸಿಲ್ಲಲ್ಲ, ಪೆನ್ನು.

ಈಗ ಪರದೆಯ ಮುಂದೆ. ವೇಗ, ಎತ್ತರ, ದಿಗಂತ ತೋರಿಸುವ ಅದೇ ಗಾಜಿನ ಮೇಲೆ ಒಂದು ಪುಟ ವಿದ್ಯುತ್ತಿನದು. ಒಂದೊಂದು ಸಾಲಿಗೆ ಒಂದೊಂದು ಸಾಧನ. ಪಕ್ಕದಲ್ಲಿ ಈ ಕ್ಷಣ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬ ಅಂಕಿ. ಕಾಕಾ ಲ್ಯಾಂಡಿಂಗ್ ಲೈಟಿನ ಸ್ವಿಚ್ ಹಾಕಿದರು, ಅಂಕಿ ಏರಿತು. ದೀಪದ ವೈರು ಕಿತ್ತರು. ಸ್ವಿಚ್ ಆನ್ ಇದೆ, ಕರೆಂಟು ಇಲ್ಲ ಎಂದು ಪರದೆ ಎಚ್ಚರಿಸಿತು. ಈ ಉಪಕಾರ ದೊಡ್ಡದು. ರೆಕ್ಕೆ ತುದಿಯ ಬಲ್ಬು ಹೋಗಿದ್ದರೆ ಹಳೆಯ ಗುಂಡಿಗೆ ಅದರ ಸುಳಿವೇ ಸಿಗದು. ಕಡಿಮೆ ಹರಿದರೆ ಅದು ಹೊರಚಿಮ್ಮುವುದಿಲ್ಲವಲ್ಲ. ಎಂಜಿನ್ ತಿರುಗುತ್ತಿರುವಾಗ ಕೈತಪ್ಪಿ ಸ್ಟಾರ್ಟರ್ ಒತ್ತಿದರೆ ತಡೆಯುವುದು, ಟ್ರಿಮ್ ಮೋಟಾರು ತಾನಾಗಿ ಓಡತೊಡಗಿದರೆ ನಿಲ್ಲಿಸುವುದು, ಎದುರಿನವರ ಕಣ್ಣಿಗೆ ಬೀಳುವಂತೆ ದೀಪಗಳನ್ನು ಸರದಿಯಲ್ಲಿ ಮಿನುಗಿಸುವುದು, ಇವೆಲ್ಲ ಅದೇ ಪೆಟ್ಟಿಗೆಯ ಕೆಲಸ. ಮೊದಲು ಒಂದೊಂದಕ್ಕೂ ಒಂದೊಂದು ರಿಲೇ, ಮಾಡ್ಯೂಲು ಬೇಕಿತ್ತು.

ಆಮೇಲೆ ಅವರು ಆ ದೀಪದ ಕಿತ್ತ ವೈರಿನ ತುದಿಯನ್ನು ಬೇಕೆಂದೇ ಗ್ರೌಂಡಿಗೆ ಮುಟ್ಟಿಸಿದರು. ಕಿಡಿ ಕಾಣಲಿಲ್ಲ, ವಾಸನೆಯಿಲ್ಲ, ಸದ್ದೂ ಇಲ್ಲ. ಆ ಸಾಲು ಕೆಂಪಾಯಿತು, ಕೆಳಗೆ ಎಚ್ಚರಿಕೆಯೊಂದು ಬೆಳಗಿತು. ಪಕ್ಕದಲ್ಲೇ ರೀಸೆಟ್ ಮಾಡುವ ಅವಕಾಶವೂ ಬಂದು ನಿಂತಿತು, ಬೆರಳಿಗೆ ಎಟಕುವಷ್ಟು ಹತ್ತಿರ.

ನನಗೆ ಅನುಮಾನ ಹುಟ್ಟಿದ್ದು ಅಲ್ಲಿ: ರೀಸೆಟ್ ಇಷ್ಟು ಸುಲಭವಿರಬೇಕೇ?

2007ರ ಜುಲೈ 10ರಂದು ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಸೆಸ್ನಾ 310 ವಿಮಾನವೊಂದು ಮನೆಗಳ ಮೇಲೆ ಬಿದ್ದು, ಒಳಗಿದ್ದ ಇಬ್ಬರು, ನೆಲದ ಮೇಲಿದ್ದ ಮೂವರು ಸತ್ತರು. ಹಿಂದಿನ ದಿನ ಅದೇ ವಿಮಾನ ಹಾರಿಸಿದ್ದ ಪೈಲಟ್ ಹವಾಮಾನ ರಾಡಾರಿನಿಂದ ಸುಟ್ಟ ವಾಸನೆ ಬಂತೆಂದು ಅದರ ಬ್ರೇಕರ್ ಎಳೆದಿಟ್ಟು, ದೋಷವನ್ನು ಬರೆದಿಟ್ಟಿದ್ದರು. ದುರಸ್ತಿ ಆಗಲಿಲ್ಲ. ಮರುದಿನ ಆ ಬ್ರೇಕರನ್ನು ಮತ್ತೆ ಒಳಕ್ಕೆ ಒತ್ತಿದ್ದರಿಂದಲೇ ಬೆಂಕಿ ಹೊತ್ತಿರಬಹುದು ಎಂಬ ಕಡೆಗೆ ತನಿಖೆ ಬೆರಳು ಮಾಡಿತು. ಹಾರಾಟದಲ್ಲಿ ಬ್ರೇಕರ್ ಹಾರಿದರೆ, ಅದಿಲ್ಲದೆ ಕ್ಷೇಮವಾಗಿ ಇಳಿಯಲಾಗದು ಎನ್ನುವಂಥ ಸಾಧನವಲ್ಲದಿದ್ದರೆ ಮುಟ್ಟಲೇಬೇಡಿ; ಮುಟ್ಟಿದರೂ ಒಂದೇ ಸಲ ಎಂಬುದು ಇಂದು ಪೈಲಟ್‌ಗಳಿಗೆ ಹೇಳಿಕೊಡುವ ಪಾಠ.

ಬ್ರೇಕರ್ ಹಾರದೆಯೂ ಬೆಂಕಿ ಹೊತ್ತಬಹುದು. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ಕೆನಡಾದ ಕಡಲಿಗೆ ಬಿದ್ದು 229 ಜನ ಸತ್ತಾಗ, ಬೆಂಕಿಯ ಮೂಲ ಬಹುಮಟ್ಟಿಗೆ ವೈರುಗಳಲ್ಲಿ ಹಾರಿದ ಕಿಡಿಯೇ ಎಂದು ತನಿಖೆ ಹೇಳಿತು. ಬಿಟ್ಟುಬಿಟ್ಟು ಹಾರುವ ಕಿಡಿಯಿಂದ ಪಟ್ಟಿ ಕಾಯುವಷ್ಟು ಕರೆಂಟು ಹರಿಯುವುದಿಲ್ಲ. ಕಾಕಾ ಅವರ ಪೆಟ್ಟಿಗೆ ಬೇಗ ಕಡಿಯುತ್ತದೆ, ನಿಜ. ಆದರೆ ಅದೂ ಆಂಪಿಯರ್ ಎಣಿಸುವ ಯಂತ್ರವೇ. ವೈರು ತೂರುವ ರಂಧ್ರಕ್ಕೆ ರಬ್ಬರ್ ಗ್ರಾಮೆಟ್ ಹಾಕದೆ, ಅಲ್ಯೂಮಿನಿಯಂ ಅಂಚಿಗೆ ಇನ್ಸುಲೇಶನ್ ಉಜ್ಜುತ್ತಿದ್ದರೆ ಯಾವ ಪರದೆಯೂ ಅದನ್ನು ಮೊದಲೇ ಹೇಳದು. ಶೆಡ್ಡಿನಲ್ಲಿ ನಾನು ಕಂಡ ಕೆಲಸದಲ್ಲಿ ಹೆಚ್ಚು ಹೊತ್ತು ತಿನ್ನುತ್ತಿದ್ದದ್ದು ಇಂಥ ರಂಧ್ರಗಳೇ, ಪರದೆಯಲ್ಲ.

ಕಾಕಾ ರೀಸೆಟ್ಟಿಗೆ ತಮ್ಮದೇ ನಿಯಮ ಮಾಡಿದ್ದಾರೆ. ಯಾವ ಸಾಲನ್ನು ಗಾಳಿಯಲ್ಲಿ ಒಮ್ಮೆ ರೀಸೆಟ್ ಮಾಡಬಹುದು, ಯಾವುದನ್ನು ಇಳಿಯುವ ತನಕ ಮುಟ್ಟಬಾರದು ಎಂದು ಪಟ್ಟಿ ಬರೆದು ಲ್ಯಾಮಿನೇಟ್ ಮಾಡಿಸಿದ್ದಾರೆ. ಫೋನ್ ಚಾರ್ಜರ್ ಎರಡನೆಯ ಪಟ್ಟಿಯಲ್ಲಿದೆ. "ಹುಡುಗರು ಮೊದ್ಲ ಅದನ್ನ ಒತ್ತತಾರ" ಎಂದರು.

ಹಲಗೆಯ ಒಂದು ಮೂಲೆಯಲ್ಲಿ ಮಾತ್ರ ಬೇರೆಯೇ ವ್ಯವಸ್ಥೆ. ಅಲ್ಲಿನ ವೈರುಗಳು ಆ ಜಾಣ ಪೆಟ್ಟಿಗೆಯ ಹತ್ತಿರಕ್ಕೂ ಸುಳಿದಿಲ್ಲ. ಇದು ಎಂಜಿನ್ನಿನ ಪಾಲು. ಕಾರ್ಬ್ಯುರೇಟರ್ ಇರುವ ಹಳೆಯ ರೋಟ್ಯಾಕ್ಸ್ 912 ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬ್ಯಾಟರಿ ಸತ್ತರೂ ತಿರುಗುತ್ತದೆ. ಇವರು ತರಿಸಿರುವುದು ಇಂಧನ ಚಿಮ್ಮಿಸುವ 912 ಐಎಸ್. ಅದಕ್ಕೆ ಎರಡು ಕಂಪ್ಯೂಟರ್, ಎರಡು ವಿದ್ಯುತ್ ಇಂಧನ ಪಂಪ್. ಕರೆಂಟು ನಿಂತರೆ ಎಂಜಿನ್ನೂ ನಿಂತಿತು. ಹೀಗಾಗಿ ಎಂಜಿನ್ನಿನೊಳಗೇ ಎರಡು ಜನರೇಟರ್ ಇಟ್ಟಿದ್ದಾರೆ: ಒಂದು ಎಂಜಿನ್ನಿಗೆ, ಇನ್ನೊಂದು ವಿಮಾನದ ಉಳಿದೆಲ್ಲಕ್ಕೆ. ಮೊದಲನೆಯದು ಕೆಟ್ಟರೆ ಎರಡನೆಯದು ಎಂಜಿನ್ನಿನ ಪಾಲಾಗುತ್ತದೆ, ಪರದೆ ರೇಡಿಯೊಗಳು ಬ್ಯಾಟರಿ ಇರುವಷ್ಟು ಹೊತ್ತು. ಎನ್‌ಎಎಲ್‌ನ ಹಂಸ-ಎನ್‌ಜಿ ತರಬೇತಿ ವಿಮಾನಕ್ಕೂ ಇದೇ ಕುಟುಂಬದ ಎಂಜಿನ್, ಅದರ ಕಾಕ್‌ಪಿಟ್‌ನಲ್ಲೂ ಇಂಥವೇ ಪರದೆಗಳು. 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. 2022ರ ಮೇ 17ರಂದು ಚಳ್ಳಕೆರೆಯ ಡಿಆರ್‌ಡಿಒ ವಲಯದ ಮೇಲೆ ಏಳೆಂಟು ಸಾವಿರ ಅಡಿ ಎತ್ತರದಲ್ಲಿ ಎಂಜಿನ್ ಆರಿಸಿ ಮತ್ತೆ ಹೊತ್ತಿಸಿ ನೋಡಿದರು. ಅದು ಪ್ರಮಾಣಪತ್ರದ ದಾರಿ ಹಿಡಿದ ವಿಮಾನ. ಹವ್ಯಾಸಿಗಳ ವಿಪಿ-ಎಕ್ಸ್‌ನಂಥ ಪೆಟ್ಟಿಗೆಯನ್ನು ಅಂಥದರಲ್ಲಿ ಮನಬಂದಂತೆ ಕೂರಿಸಲಾಗದು. ಆ ಸ್ವಾತಂತ್ರ್ಯ ಹೋಮ್‌ಬಿಲ್ಟಿನದು, ಹೊಣೆಯೂ.

ಮಧ್ಯಾಹ್ನದ ಚಹಾ ಆದ ಮೇಲೆ ಕಾಕಾ ಒಂದೊಂದನ್ನೇ ಕೊಲ್ಲುತ್ತ ಬಂದರು. ಮೊದಲು ಪರದೆ ಆರಿಸಿದರು: ದೀಪ ಉರಿಯುತ್ತಿತ್ತು, ಸ್ವಿಚ್ ಒತ್ತಿದರೆ ಫ್ಲ್ಯಾಪ್ ಮೋಟಾರು ಓಡಿತು. ಸ್ವಿಚ್ಚಿನ ವೈರುಗಳು ನೇರ ಪೆಟ್ಟಿಗೆಗೇ ಹೋಗುವುದರಿಂದ ಪರದೆ ಇಲ್ಲದೆಯೂ ಪೆಟ್ಟಿಗೆ ದುಡಿಯುತ್ತದೆ. ಪರದೆ ಹಚ್ಚಿ, ನಡುವಿನ ತೆಳು ಸೀರಿಯಲ್ ವೈರು ಕಿತ್ತರು: ವಿದ್ಯುತ್ತಿನ ಪುಟ ಖಾಲಿ, ದಿಗಂತ, ಎತ್ತರ ಹಾಗೇ ಇದ್ದವು. ಕೊನೆಗೆ ಪೆಟ್ಟಿಗೆಗೆ ಬರುವ ದಪ್ಪ ಕೇಬಲನ್ನೇ ಬಿಚ್ಚಿದರು. ದೀಪ, ಫ್ಲ್ಯಾಪ್, ರೇಡಿಯೊ, ದೊಡ್ಡ ಪರದೆ ಎಲ್ಲ ಒಟ್ಟಿಗೆ ಹೋದವು. ಉಳಿದದ್ದು ತನ್ನದೇ ಬ್ಯಾಟರಿಯ ಮೇಲೆ ಬದುಕುವ ಒಂದು ಪುಟ್ಟ ಉಪಕರಣ, ಮತ್ತೆ ಎಂಜಿನ್ನಿನ ಆ ಮೂಲೆ.

ಜಗಳ ಇರುವುದು ಇಲ್ಲಿ. ಒಡೆಯರಿಗೆ ಗುಂಡಿಯೇ ಇಲ್ಲದ ನುಣುಪು ಪ್ಯಾನೆಲ್ ಬೇಕು. ಅಷ್ಟು ಹಣ ಕೊಟ್ಟದ್ದೂ ಅದಕ್ಕೇ ಎನ್ನುತ್ತಾರೆ. ಕಾಕಾ ಅವರಿಗೆ ಎರಡೇ ಎರಡು ಹಳೆಯ ಗುಂಡಿ ಬೇಕು: ಒಂದು ದೊಡ್ಡ ಪರದೆಗೆ, ಒಂದು ರೇಡಿಯೊಗೆ, ಪೆಟ್ಟಿಗೆಯ ಗೊಡವೆಯಿಲ್ಲದೆ ಬ್ಯಾಟರಿಯಿಂದಲೇ ಎರಡನೆಯ ದಾರಿ. "ಪೆಟ್ಟಿಗಿ ಹೋದ್ರ ಕೆಳಗಿನವರ ಕೂಡ ಮಾತಾಡಾಕರ ಬೇಕಲ್ಲಪಾ" ಎಂಬುದು ಅವರ ವಾದ. ನನ್ನ ಮತ ಯಾರೂ ಕೇಳಲಿಲ್ಲ. ಕೇಳಿದ್ದರೆ ಕಾಕಾ ಅವರ ಕಡೆಗೇ ಹಾಕುತ್ತಿದ್ದೆ. ಪ್ಯಾನೆಲ್ ಕೊರೆಯುವವನಿಗೆ ಡ್ರಾಯಿಂಗ್ ಇನ್ನೂ ಹೋಗಿಲ್ಲ. ಅದರಲ್ಲಿ ಎಡಗಡೆ ಕೆಳಗೆ ಎರಡು ಸಣ್ಣ ವೃತ್ತಗಳಿವೆ, ಪಕ್ಕದಲ್ಲಿ ಒಡೆಯರು ಹಾಕಿದ ಪ್ರಶ್ನಾರ್ಥಕ ಚಿಹ್ನೆ.