ಯಕೃತ್ತಿನ ಒಳದಾರಿ: ಹೃದಯಕ್ಕೆ ಸೋಂಕಿನ ಭೀತಿ

ಸಿರೋಸಿಸ್‌ನಿಂದ ಗಡುಸಾದ ಯಕೃತ್ತಿನ ಮೂಲಕ ರಕ್ತ ಸರಾಗವಾಗಿ ಹರಿಯದು. ಕರುಳಿನಿಂದ ಬರುವ ರಕ್ತದ ಒತ್ತಡ ಏರಿ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ರಕ್ತ ವಾಂತಿಯೂ ಆಗಬಹುದು. ಔಷಧಕ್ಕೆ ಬಗ್ಗದಿದ್ದರೆ ವೈದ್ಯರು ಕತ್ತಿನ ಅಭಿಧಮನಿಯ ಮೂಲಕ ಸಾಗಿ, ಯಕೃತ್ತಿನೊಳಗೆ ಲೋಹದ ಸ್ಟೆಂಟ್ ಕೂರಿಸಿ ರಕ್ತಕ್ಕೆ ಒಳದಾರಿ ಕಲ್ಪಿಸುತ್ತಾರೆ. ಇದೇ ‘ಟಿಪ್ಸ್’ ಶಂಟ್.

ಕರುಳಿನಿಂದ ಬರುವ ಬ್ಯಾಕ್ಟೀರಿಯಾಗಳನ್ನು ಸೋಸುವುದು ಯಕೃತ್ತಿನ ಕೆಲಸ. ಒಳದಾರಿ ಹಿಡಿದ ರಕ್ತವಾದರೋ ಸೋಸದೆಯೇ ಹೃದಯದ ಬಲಭಾಗವನ್ನು ಸೇರುತ್ತದೆ. ಸಾಲದ್ದಕ್ಕೆ ಸಿರೋಸಿಸ್ ರೋಗಿಯ ನಿರೋಧಕ ಶಕ್ತಿಯೂ ಕುಂದಿರುತ್ತದೆ. ಹೀಗಾಗಿ ಸ್ಟೆಂಟ್‌ಗೆ ಸೋಂಕು ತಗಲಬಹುದು. ಅಪರೂಪಕ್ಕೆ ಅದು ಹೃದಯದ ಕವಾಟಗಳಿಗೂ ಹಬ್ಬಿ ಎಂಡೋಕಾರ್ಡೈಟಿಸ್ ಆಗಬಹುದು. ಈ ಅಪಾಯ ಹೊಸತಲ್ಲ. ಹೊಟ್ಟೆಯ ನೀರನ್ನು ಹೃದಯದ ಸಮೀಪದ ಅಭಿಧಮನಿಗೆ ಸಾಗಿಸುತ್ತಿದ್ದ, 1970ರ ದಶಕದ ಲೆವೀನ್ ಶಂಟ್ ಬಳಕೆ ಕುಗ್ಗಲು ಸೋಂಕೂ ಒಂದು ಕಾರಣ.

ಶಂಟ್ ಇರುವವರಿಗೆ ಚಳಿಜ್ವರ ಬಂದು, ಕಾರಣ ತಿಳಿಯದಿದ್ದರೆ ಅದನ್ನು ಮಾಮೂಲಿ ಜ್ವರವೆಂದು ತಳ್ಳಿಹಾಕುವಂತಿಲ್ಲ. ಔಷಧದಂಗಡಿಯಲ್ಲಿ ಕೇಳಿ ಪಡೆದ ನಾಲ್ಕು ಆಂಟಿಬಯಾಟಿಕ್ ಮಾತ್ರೆ (ನಮ್ಮಲ್ಲಿ ಇದು ತೀರಾ ಸುಲಭ) ಜ್ವರವನ್ನು ತಾತ್ಕಾಲಿಕವಾಗಿ ಇಳಿಸೀತು. ಆದರೆ ರೋಗಾಣುವಿನ ಸುಳಿವನ್ನೂ ಅಳಿಸೀತು. ಆದ್ದರಿಂದ ಮಾತ್ರೆಗೆ ಮೊದಲೇ ರಕ್ತದ ಕಲ್ಚರ್ ಪರೀಕ್ಷೆ ನಡೆಯಬೇಕು. ಪದೇಪದೇ ಒಂದೇ ರೋಗಾಣು ಕಂಡುಬಂದರೆ ಹೃದಯದ ಎಕೋ, ಶಂಟ್‌ನ ಡಾಪ್ಲರ್ ಸ್ಕ್ಯಾನಿಂಗ್ ಅಗತ್ಯ. ಯಾವ ವೈದ್ಯರ ಬಳಿ ಹೋದರೂ ಶಂಟ್ ಇರುವ ಸಂಗತಿಯನ್ನು ಮೊದಲು ತಿಳಿಸಬೇಕು.

ಚಿಕಿತ್ಸೆಯೆಂದರೆ ವಾರಗಟ್ಟಲೆ ಆಂಟಿಬಯಾಟಿಕ್ ಚುಚ್ಚುಮದ್ದು. ಸೋಂಕು ತಗಲಿದ ಪೇಸ್‌ಮೇಕರನ್ನು ಹೊರತೆಗೆಯಬಹುದು. ಯಕೃತ್ತಿನಲ್ಲಿ ಬೆಸೆದುಕೊಂಡ ಸ್ಟೆಂಟ್ ಹಾಗಲ್ಲ. ಅದು ಸಾಮಾನ್ಯವಾಗಿ ಹೊರಬರುವುದು ಕಸಿ ಶಸ್ತ್ರಚಿಕಿತ್ಸೆಯಲ್ಲಿ, ರೋಗಪೀಡಿತ ಯಕೃತ್ತಿನೊಂದಿಗೇ.