ಸಿಂಹಳದಿಂದ ಬಂದವರು

ಹಾಸನದ ಸೀಮೆಯಿಂದ ಘಟ್ಟವಿಳಿದು ಸುಬ್ರಹ್ಮಣ್ಯದ ಯಾತ್ರೆಗೆ ಹೋಗುವ ನಮ್ಮ ವಾಚಕರಲ್ಲಿ ಅನೇಕರು ಸುಳ್ಯ, ಪುತ್ತೂರು ಕಡೆಯ ರಬ್ಬರು ತೋಟಗಳನ್ನು ಕಂಡಿರಬಹುದು. ಅಲ್ಲಿಯ ಸರ್ಕಾರಿ ತೋಟಗಳಲ್ಲಿ ನಸುಕಿನಲ್ಲೆದ್ದು ಮರದ ತೊಗಟೆಯನ್ನು ಕೊಯ್ದು ಹಾಲಿಳಿಸುವ ತಮಿಳು ಕೂಲಿಕಾರರು ಹೊಟ್ಟೆಪಾಡನ್ನರಸಿ ಬಂದ ವಲಸೆಗಾರರಲ್ಲ. ಎರಡು ಸರ್ಕಾರಗಳ ಒಪ್ಪಂದವು ಹುಟ್ಟಿದೂರಿನಿಂದ ಕಿತ್ತು ತಂದ ಮನೆತನಗಳವರು.

ಇವರ ಪೂರ್ವಿಕರನ್ನು ಆಂಗ್ಲ ತೋಟಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಪ್ರಾಂತದಿಂದ ಸಿಂಹಳದ, ಎಂದರೆ ಇಂದಿನ ಶ್ರೀಲಂಕೆಯ, ಕಾಫಿ ಚಹಾ ತೋಟಗಳಿಗೆ ಕರೆದೊಯ್ದರು. ಆ ಬೆಟ್ಟಗಳನ್ನು ಹಸನುಗೊಳಿಸಿದುದು ಇವರ ಬೆವರು. ಆದರೆ ದ್ವೀಪವು ಸ್ವತಂತ್ರವಾದ 1948ರಲ್ಲಿಯೇ ಹೊಸ ಪೌರತ್ವದ ಕಾನೂನು ಇವರನ್ನು ಹೊರಗಿಟ್ಟಿತು. ತಂದೆಯು ಅಲ್ಲಿಯೇ ಹುಟ್ಟಿದನೆಂದೋ, ಇಲ್ಲವೆ ಅಜ್ಜ ಮುತ್ತಜ್ಜಂದಿರು ಹುಟ್ಟಿದರೆಂದೋ ರುಜುವಾತು ತರಬೇಕಂತೆ! ಅಕ್ಷರವರಿಯದ ಕೂಲಿಯು ಅದನ್ನೆಲ್ಲಿಂದ ತಂದಾನು? ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು.

1964ರ ಅಕ್ಟೋಬರಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳಿಗೂ ಶ್ರೀಮತಿ ಸಿರಿಮಾವೋ ಬಂಡಾರನಾಯಕೆಯವರಿಗೂ ಒಡಂಬಡಿಕೆಯಾಯಿತು. ಭಾರತಕ್ಕೆ 5,25,000 ಮಂದಿ, ಸಿಂಹಳಕ್ಕೆ 3,00,000. ಉಳಿದ 1,50,000 ಮಂದಿಯ ವಿಚಾರ ಮುಂದಕ್ಕೆ. 1974ರಲ್ಲಿ ಅವರನ್ನೂ ಸಮಪಾಲು ಮಾಡಿಕೊಂಡುದಾಯಿತು. ಹೊಲಕ್ಕೆ ಬದು ಹಾಕಿದಂತೆ ಜನರನ್ನು ಹಂಚಿದರೆ ಆಗುವುದೇನು? ಅಣ್ಣನು ಇಲ್ಲಿಯ ಪ್ರಜೆ, ತಮ್ಮನು ಅಲ್ಲಿಯ ಪ್ರಜೆ, ನಡುವೆ ಸಮುದ್ರ. ತಲೈಮನ್ನಾರಿನಲ್ಲಿ ಹಡಗನ್ನೇರಿ ರಾಮೇಶ್ವರದಲ್ಲಿಳಿದ ಎಷ್ಟೋ ಮಂದಿ "ಸ್ವದೇಶ"ವನ್ನು ಕಂಡುದು ಅದೇ ಮೊದಲು.

1970ರ ದಶಕದಲ್ಲಿ ನಮ್ಮ ರಾಜ್ಯವು ಇವರಲ್ಲಿ ಹಲವು ಕುಟುಂಬಗಳಿಗೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಕೆಲಸವನ್ನೂ ವಸತಿಯನ್ನೂ ಕಲ್ಪಿಸಿದುದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಕೂಲಿಯೊಡನೆ ಬಂದ ಮನೆಯು ಕೂಲಿಯೊಡನೆಯೇ ಮುಗಿಯುವುದಾದರೆ ಮುಪ್ಪಿಗೆ ಆಸರೆಯೆಲ್ಲಿ? ಜಾತಿಯ ಪ್ರಮಾಣಪತ್ರಕ್ಕಾಗಿಯೂ ಇವರು ಬಹುಕಾಲ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಪತ್ರವಿಲ್ಲದೆ ಮಕ್ಕಳಿಗೆ ಮೀಸಲಾತಿಯಿಲ್ಲ, ವಿದ್ಯಾರ್ಥಿವೇತನವಿಲ್ಲ.

ಅಜ್ಜನೆಲ್ಲಿಯವನೆಂಬುದಕ್ಕೆ ಕಾಗದ ತೋರಿಸೆಂದು ಸಿಂಹಳದ ಅಧಿಕಾರಿಯು ಕೇಳಿದನು. ಅದೇ ಪ್ರಶ್ನೆಯನ್ನು ನಮ್ಮವರೂ ಕೇಳಿದರೆ ಆ ಕಾನೂನನ್ನು ಅನ್ಯಾಯವೆನ್ನಲು ನಮಗಾವ ಅಧಿಕಾರ? ಅಲ್ಲಿಯೇ ಪೌರತ್ವವಿಲ್ಲದೆ ಉಳಿದವರಿಗೆ ಆ ದೇಶವೇ 2003ರಲ್ಲಿ ಕಾನೂನು ಮಾಡಿ ಪೌರತ್ವವನ್ನು ಕೊಟ್ಟಿತು. ಎಣಿಸಿ ತರಿಸಿಕೊಂಡ ಜನರ ಹೊಣೆಯು ರಾಮೇಶ್ವರದ ಕಟ್ಟೆಯಲ್ಲಿ ತೀರುವುದಿಲ್ಲ. ಇವರ ಅರ್ಜಿಯು ಮೇಜಿನ ಮೇಲೆ ಬಂದಾಗ ಅದು ಪರದೇಶಿಯ ಬೇಡಿಕೆಯಲ್ಲ, ಭಾರತವು ಸಹಿ ಹಾಕಿ ಒಪ್ಪಿಕೊಂಡ ಸಾಲವೆಂದು ಅಧಿಕಾರಿಗಳು ತಿಳಿಯತಕ್ಕದ್ದು.